ಅಂಗಳದ ನಾಯಿಕೊಡೆಗೆ ವಿಷವೂ ಬೇಡ, ಬಾಣಲೆಯೂ ಬೇಡ

ಕೃಷಿ – ಆರೋಗ್ಯ



ಯಾವುದಾದರೊಂದು ವಸ್ತು ಊರಿನಲ್ಲಿ ಬೇಡವೆನ್ನುವಷ್ಟು ಹೆಚ್ಚಿದರೆ ಅದು ನಾಯಿಕೊಡೆಗಳ ಹಾಗೆ ತಲೆಯೆತ್ತಿದೆ ಎಂದು ಹೇಳುವುದು ನಮ್ಮ ವಾಡಿಕೆ. ಈ ಮಾತಿನಲ್ಲಿ ತಿರಸ್ಕಾರವಿದೆ. ಆದರೆ ಅದೇ ಜಾತಿಯ ಇನ್ನೊಂದು ಕೊಡೆ ಆಟಿ ತಿಂಗಳಲ್ಲಿ ಗುಡ್ಡೆಯ ಹುತ್ತದ ಬಳಿ ಎದ್ದರೆ ನಾವು ಬುಟ್ಟಿ ಹಿಡಿದುಕೊಂಡು ಓಡುತ್ತೇವೆ. ಕನ್ನಡದಲ್ಲಿ ಅಣಬೆ, ತುಳುವಿನಲ್ಲಿ ಲಂಬು, ಕೊಂಕಣಿಯಲ್ಲಿ ಅಳಂಬೆ, ಮಲಯಾಳದಲ್ಲಿ ಕೂಣ್. ನಮ್ಮ ಗಡಿನಾಡಿನ ಒಂದೇ ಅಡುಗೆಮನೆಯಲ್ಲಿ ಇದಕ್ಕೆ ನಾಲ್ಕು ಹೆಸರುಗಳಿವೆ. ತಿನ್ನುವುದಾದರೆ ಅಣಬೆ, ತಿನ್ನಲಾಗದಿದ್ದರೆ ನಾಯಿಕೊಡೆ ಎಂಬುದು ನಮ್ಮ ಲೆಕ್ಕ. ಈ ಲೆಕ್ಕ ನಮ್ಮದೇ ಹೊರತು ಪ್ರಕೃತಿಯದ್ದಲ್ಲ ಎಂಬುದನ್ನು ಮೊದಲಿಗೆ ನೆನಪಿಡಬೇಕು.

ಇತ್ತೀಚಿನ ವರ್ಷಗಳಲ್ಲಿ ಈ ವಿಷಯ ಬರೆಯಲೇಬೇಕಾದದ್ದು ಎಂದು ನನಗೆ ಅನಿಸಲು ಕಾರಣವಿದೆ. ಹಿಂದೆ ನಮ್ಮ ಮನೆಗಳ ಎದುರು ಸೆಗಣಿ ಸಾರಿಸಿದ ಅಂಗಳವಿತ್ತು. ಅಡಿಕೆ ಒಣಗಿಸಲು, ಭತ್ತ ಹರಡಲು ಅದು ಬೇಕಾಗಿತ್ತು. ಈಗ ಕಟ್ಟುವ ಮನೆಗಳ ಎದುರು ಅರ್ಧ ಭಾಗ ಇಂಟರ್‌ಲಾಕ್, ಅರ್ಧ ಭಾಗ ಹುಲ್ಲುಹಾಸು. ಗಲ್ಫಿನಲ್ಲಿ ದುಡಿಯುವ ಮಕ್ಕಳು ಪ್ರೀತಿಯಿಂದ ಮಾಡಿಸಿದ ಲಾನ್. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲ ಮಳೆ ಬಿದ್ದ ಕೆಲವು ದಿನಗಳಲ್ಲಿ ಆ ಹಸಿರು ಹುಲ್ಲಿನ ನಡುವೆ ಬಿಳಿಯ ಕೊಡೆಗಳು ಸಾಲಾಗಿ ಏಳುತ್ತವೆ. ಕೆಲವೊಮ್ಮೆ ಬಳೆಯಂತೆ ದುಂಡಗೆ ಸುತ್ತುಗಟ್ಟಿ ನಿಲ್ಲುತ್ತವೆ. ಆಗ ಮನೆಯವರಲ್ಲಿ ಎರಡು ಬಗೆಯ ಮಾತು ಕೇಳುತ್ತದೆ. ಒಬ್ಬರು, “ಇದಕ್ಕೆ ಏನಾದರೂ ಮದ್ದು ಹೊಡೆಯಿರಿ” ಎನ್ನುತ್ತಾರೆ. ಇನ್ನೊಬ್ಬರು, “ನೋಡಲು ಚೆನ್ನಾಗಿದೆ, ಪಲ್ಯ ಮಾಡಿದರೆ ಹೇಗೆ?” ಎನ್ನುತ್ತಾರೆ. ಎರಡೂ ಬೇಡ ಎಂಬುದೇ ನನ್ನ ಅಭಿಪ್ರಾಯ. ಯಾಕೆ ಬೇಡ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೆಲದ ಮೇಲೆ ಕಾಣುವುದು ಕಾಯಿ ಮಾತ್ರ

ನೆಲದ ಮೇಲೆ ನಾವು ಕಾಣುವ ಕೊಡೆ ಒಂದು ಗಿಡವಲ್ಲ. ಅದು ಶಿಲೀಂಧ್ರ ಎಂಬ ಜೀವಿಯ ಕಾಯಿ ಇದ್ದ ಹಾಗೆ. ನಿಜವಾದ ಜೀವಿ ಮಣ್ಣಿನೊಳಗೆ, ನೂಲಿಗಿಂತ ಸಪೂರವಾದ ಬಿಳಿ ಎಳೆಗಳಾಗಿ ಹಬ್ಬಿರುತ್ತದೆ. ಗೊಬ್ಬರದ ಗುಂಡಿಯಲ್ಲಿ ಹಳೆಯ ಸೊಪ್ಪನ್ನು ಕೆದಕಿದಾಗ ಬಿಳಿ ಬೂಸಿನಂತೆ ಕಾಣುವುದು ಇದೇ. ಇದಕ್ಕೆ ಹಸಿರು ಬಣ್ಣವಿಲ್ಲ. ಸೂರ್ಯನ ಬೆಳಕಿನಿಂದ ತನ್ನ ಆಹಾರ ತಯಾರಿಸಿಕೊಳ್ಳಲು ಬರುವುದಿಲ್ಲ. ಸತ್ತ ಮರ, ಬೇರು, ಎಲೆ, ಸೆಗಣಿ ಇವುಗಳನ್ನು ಕರಗಿಸಿ ಅದು ಬದುಕುತ್ತದೆ. ಮರದ ಗಟ್ಟಿ ಭಾಗವನ್ನು ಕರಗಿಸಬಲ್ಲ ಜೀವಿಗಳು ಲೋಕದಲ್ಲಿ ಬಹಳ ಇಲ್ಲ. ಶಿಲೀಂಧ್ರಗಳು ಈ ಕೆಲಸ ಮಾಡದೆ ಇದ್ದರೆ ನಮ್ಮ ತೋಟಗಳಲ್ಲಿ ಬಿದ್ದ ಸೋಗೆ, ಮಡಲು, ಕೊಂಬೆಗಳು ವರ್ಷಗಟ್ಟಲೆ ಹಾಗೆಯೇ ರಾಶಿ ಬಿದ್ದಿರುತ್ತಿದ್ದವು. ಮಣ್ಣಿಗೆ ಸಾರ ಮರಳುತ್ತಿರಲಿಲ್ಲ.

ಹಾಗಾದರೆ ಹೊಸ ಲಾನಿನಲ್ಲಿ ಅದು ಏಳುವುದು ಯಾಕೆ? ಮನೆ ಕಟ್ಟುವಾಗ ಏನು ಮಾಡಿದ್ದೀರಿ ಎಂದು ನೆನಪಿಸಿಕೊಳ್ಳಿ. ಅಲ್ಲಿದ್ದ ಹಲಸಿನ ಮರವನ್ನೋ, ತೆಂಗಿನ ಮರವನ್ನೋ ಕಡಿದಿರುತ್ತೀರಿ. ಜೆಸಿಬಿ ಬಂದು ಬುಡವನ್ನು ಮುರಿದು, ಮೇಲೆ ಕೆಂಪು ಮಣ್ಣು ಹರಡಿ ಸಮತಟ್ಟು ಮಾಡಿರುತ್ತದೆ. ಸೆಂಟ್ರಿಂಗಿನ ಹಲಗೆಯ ತುಂಡುಗಳು, ತೆಂಗಿನ ಸಿಪ್ಪೆ ಎಲ್ಲವೂ ಆ ಮಣ್ಣಿನ ಅಡಿಯಲ್ಲಿವೆ. ಅದರ ಮೇಲೆ ಹಟ್ಟಿಗೊಬ್ಬರ ಹಾಕಿ ಹುಲ್ಲು ನೆಟ್ಟಿದ್ದೀರಿ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಹೂತ ಮರ, ಗೊಬ್ಬರ, ನೀರು, ಸೆಕೆ – ಶಿಲೀಂಧ್ರಕ್ಕೆ ಬೇಕಾದ ಔತಣವನ್ನು ನಾವೇ ಬಡಿಸಿದ್ದೇವೆ. ಒಳಗಿನ ಮರ ಮುಗಿಯುವ ತನಕ ಪ್ರತಿ ಮಳೆಗಾಲ ಅದು ಏಳುತ್ತದೆ. ಮುಗಿದ ಮೇಲೆ ತಾನಾಗಿ ನಿಲ್ಲುತ್ತದೆ.

ಬಳೆಯ ಆಕಾರಕ್ಕೂ ಕಾರಣ ಸರಳ. ಎಳೆಗಳು ಒಂದು ಬಿಂದುವಿನಿಂದ ಸುತ್ತಲೂ ಒಂದೇ ಸಮನೆ ಹರಡುತ್ತವೆ. ನಡುವಿನ ಆಹಾರ ಮುಗಿದಾಗ ಅಂಚಿನಲ್ಲಿ ಮಾತ್ರ ಜೀವ ಉಳಿಯುತ್ತದೆ. ಕೊಡೆಗಳು ಆ ಅಂಚಿನಲ್ಲಿ ಏಳುತ್ತವೆ. ಅಲ್ಲಿ ಕರಗಿದ ಸಾರದಲ್ಲಿ ಸಾರಜನಕ ಹೆಚ್ಚು ಸಿಗುವುದರಿಂದ ಹುಲ್ಲು ಕಡು ಹಸಿರಾಗುತ್ತದೆ. ಕೆಲವೊಮ್ಮೆ ಎಳೆಗಳು ದಟ್ಟವಾಗಿ ಮಣ್ಣಿನೊಳಗೆ ನೀರು ಇಳಿಯದೆ ಹುಲ್ಲು ಒಣಗುವುದೂ ಇದೆ. ಮಾಟ, ದೃಷ್ಟಿ, ಭೂತದ ಸುತ್ತು ಎಂದು ಹೆದರಲು ಇದರಲ್ಲಿ ಏನೂ ಇಲ್ಲ.

ಮದ್ದು ಹೊಡೆಯುವ ಚಟ

ಈಗ ಮದ್ದಿನ ಮಾತಿಗೆ ಬರೋಣ. ಅಡಿಕೆಗೆ ಬಿಟ್ಟ ಬೋರ್ಡೋ ದ್ರಾವಣ ಉಳಿದರೆ ಅದನ್ನು ತಂದು ಲಾನಿಗೆ ಸುರಿಯುವವರಿದ್ದಾರೆ. ಕಳೆನಾಶಕ, ಫಿನಾಯಿಲ್, ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ – ಕೈಗೆ ಸಿಕ್ಕಿದ್ದನ್ನು ಹಾಕುವವರೂ ಇದ್ದಾರೆ. ಇದರಿಂದ ಕೊಡೆ ಕರಗುವುದು ನಿಜ. ಆದರೆ ಕೊಡೆ ಹೇಗೂ ಎರಡು ಮೂರು ದಿನಗಳಲ್ಲಿ ತಾನಾಗಿಯೇ ಕರಗುತ್ತದೆ. ಮಾವಿನ ಕಾಯಿಯನ್ನು ಕೊಯ್ದ ಮಾತ್ರಕ್ಕೆ ಮಾವಿನ ಮರ ಸಾಯುತ್ತದೆಯೇ? ನೆಲದೊಳಗೆ ಆಳಕ್ಕೆ ಹಬ್ಬಿದ ಎಳೆಗಳಿಗೆ ಮೇಲಿನಿಂದ ಸುರಿದ ಮದ್ದು ತಲಪುವುದಿಲ್ಲ. ತಲಪುವುದು ಎರೆಹುಳಕ್ಕೆ, ಹುಲ್ಲಿನ ಬೇರಿಗೆ, ಅಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳಿಗೆ. ಮಳೆ ಬಂದರೆ ಬಾವಿಗೆ. ಮೈಲುತುತ್ತಿನಲ್ಲಿರುವ ತಾಮ್ರ ಲೋಹ. ಅದು ಕೊಳೆತು ಮುಗಿಯುವ ವಸ್ತುವಲ್ಲ. ಹಾಕಿದಷ್ಟೂ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಕೊಳೆರೋಗದಿಂದ ಅಡಿಕೆ ಉಳಿಸಲು ಶೇಕಡಾ 1ರ ಬೋರ್ಡೋ ಸಿಂಪಡಿಸುವುದಕ್ಕೆ ಅರ್ಥವಿದೆ. ಅದು ಹೊಟ್ಟೆಪಾಡಿನ ಪ್ರಶ್ನೆ. ನೋಟಕ್ಕೆ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅಂಗಳಕ್ಕೆ ಅದನ್ನು ಸುರಿಯುವುದಕ್ಕೆ ಏನು ಅರ್ಥ?

ಬೇರೆ ಊರಿನವರು ಈ ಮಾತನ್ನು ಮರೆತರೆ ಅವರನ್ನು ಕ್ಷಮಿಸಬಹುದು. ನಾವು ಮರೆಯುವ ಹಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ನಮ್ಮದೇ ಜಿಲ್ಲೆಯ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗೇರುಹೂವಿನ ಕೀಟ ಸಾಯಲಿ ಎಂದು ಹಾಕಿದ್ದು ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಹಳ್ಳಿಗಳ ತೋಡಿನಲ್ಲಿ, ಬಾವಿಯಲ್ಲಿ ಬಂದು ಸೇರಿತು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲವೆಂದು ಗಮನಿಸಿ ಎಚ್ಚರಿಸಿದರು; ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು ಎಂಬುದು ನಮಗೆಲ್ಲ ಗೊತ್ತು. ಆ ಮಕ್ಕಳ ತಾಯಂದಿರು ಇಂದೂ ನಮ್ಮ ನೆರೆಯಲ್ಲಿದ್ದಾರೆ. ಅಂತಹ ಊರಿನವರಾದ ನಾವು, ಎರಡು ದಿನ ನಿಂತು ಹೋಗುವ ಒಂದು ಕೊಡೆಗಾಗಿ ಮನೆ ಬಾಗಿಲಿಗೆ ನಾವೇ ವಿಷ ತರುವುದೆಂದರೆ ಅದಕ್ಕಿಂತ ದೊಡ್ಡ ಮರೆವು ಯಾವುದು?

ಏನು ಮಾಡಬಹುದು?

ಮದ್ದು ಬೇಡವೆಂದರೆ ಕೈಕಟ್ಟಿ ಕೂರಬೇಕು ಎಂದಲ್ಲ. ಮನೆಯಲ್ಲಿ ಅಂಬೆಗಾಲಿಡುವ ಮಗು, ಸಾಕಿದ ನಾಯಿ ಇದ್ದರೆ ಕೊಡೆಗಳನ್ನು ತೆಗೆಯಲೇಬೇಕು. ಕ್ರಮ ಹೀಗಿದೆ:

1. ಬೆಳಗ್ಗೆ ಎದ್ದೊಡನೆ, ಕೊಡೆ ಪೂರ್ತಿ ಬಿಚ್ಚುವ ಮೊದಲೇ ಬುಡಸಮೇತ ಕಿತ್ತುಬಿಡಿ. ಬಿಚ್ಚಿದ ಕೊಡೆಯ ಅಡಿಯಿಂದ ಉದುರುವ ಹುಡಿಯೇ ಅದರ ಬೀಜ. ಮುಟ್ಟಿದರೆ ವಿಷ ಏರುವುದಿಲ್ಲ. ಕಿತ್ತ ಮೇಲೆ ಸಾಬೂನು ಹಾಕಿ ಕೈ ತೊಳೆದರೆ ಸಾಕು.

2. ಕಿತ್ತದ್ದನ್ನು ಅಲ್ಲೇ ಬದಿಗೆ ಎಸೆಯಬೇಡಿ. ದನ, ನಾಯಿ, ಕೋಳಿ, ಮಕ್ಕಳ ಕೈಗೆ ಸಿಗದಂತೆ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ.

3. ಪ್ರತಿ ವರ್ಷ ಒಂದೇ ಜಾಗದಲ್ಲಿ ಏಳುವುದಾದರೆ ಮಳೆ ನಿಂತ ಮೇಲೆ ಅಲ್ಲಿ ಅಗೆದು ನೋಡಿ. ಹೂತ ಬುಡವೋ ಹಲಗೆಯೋ ಸಿಕ್ಕಿದರೆ ತೆಗೆದುಬಿಡಿ. ಮೂಲ ಕಾರಣ ಅದೇ.

4. ನೀರು ನಿಲ್ಲುವ ಕಡೆ ಸಣ್ಣ ಕಣಿ ತೆಗೆದು ಹರಿಯಲು ಬಿಡಿ. ಬೇಸಗೆಯಲ್ಲಿ ಸಂಜೆಯ ಬದಲು ಬೆಳಗ್ಗೆ ನೀರು ಹಾಕಿ. ರಾತ್ರಿಯಿಡೀ ಹುಲ್ಲು ಒದ್ದೆಯಾಗಿರಬಾರದು.

5. ಬಳೆಯಾಕಾರದಲ್ಲಿ ಹುಲ್ಲು ಒಣಗಿದ್ದರೆ ಆ ಸುತ್ತಿನಲ್ಲಿ ಗೇಣಿಗೊಂದರಂತೆ ಹಾರೆಯಿಂದ ಚುಚ್ಚಿ ತೂತು ಮಾಡಿ, ನೀರು ಇಳಿಯುವಂತೆ ಮಾಡಿ.

6. ಕತ್ತರಿಸಿದ ಹುಲ್ಲು, ಉದುರಿದ ಎಲೆ ಲಾನಿನಲ್ಲೇ ದಪ್ಪಗೆ ಕೂರದಂತೆ ಗುಡಿಸಿ ತೆಂಗಿನ ಬುಡಕ್ಕೆ ಹಾಕಿ. ಅಲ್ಲಿ ಅದು ಗೊಬ್ಬರ.

ಹೂಕುಂಡದಲ್ಲಿ ಏಳುವ ಹಳದಿ ಬಣ್ಣದ ಸಣ್ಣ ಕೊಡೆಗೂ ಇದೇ ಮಾತು. ಗಿಡಕ್ಕೆ ಅದರಿಂದ ತೊಂದರೆಯಿಲ್ಲ, ತಿಂದರೆ ಮಾತ್ರ ಹೊಟ್ಟೆ ಕೆಡುತ್ತದೆ. ತೆಂಗಿನ ತೋಟದಲ್ಲಿ ಬಲೆಯ ಲಂಗ ತೊಟ್ಟಂತೆ ನಿಂತು ನಾರುವ ಅಣಬೆಯೂ ಹಾಗೆಯೇ. ಅದರ ವಾಸನೆ ನೊಣಗಳನ್ನು ಕರೆಯಲಿಕ್ಕೆ. ಬೀಜ ಹೊರುವವರು ನೊಣಗಳೇ. ವಾಸನೆ ಸಹಿಸಲಾಗದಿದ್ದರೆ ಕಿತ್ತು ಹೂಳಿ, ಅಷ್ಟೆ.

ಹಿರಿಯರು ತಿನ್ನುತ್ತಿರಲಿಲ್ಲವೇ?

ಇನ್ನು ಬಾಣಲೆಯ ವಿಷಯ. ಇಲ್ಲಿ ನನಗೆ ಬರುವ ಎದುರುತ್ತರ ಯಾವಾಗಲೂ ಒಂದೇ: “ನಮ್ಮ ಅಜ್ಜ ಅಜ್ಜಿಯರು ತಲೆಮಾರಿನಿಂದ ತಿಂದಿದ್ದಾರೆ, ಅವರಿಗೆ ಏನಾಯಿತು?” ಒಳ್ಳೆಯ ಪ್ರಶ್ನೆ. ಆದರೆ ಅಜ್ಜಿ ತಿಂದದ್ದು ಏನು, ಎಲ್ಲಿಂದ ತಂದದ್ದು ಎಂಬುದನ್ನೂ ಕೇಳಬೇಕು.

ಅಜ್ಜಿ ತಂದದ್ದು ಹೆಚ್ಚಾಗಿ ಹುತ್ತದ ಅಣಬೆ. ಗೆದ್ದಲುಗಳು ತಮ್ಮ ಗೂಡಿನೊಳಗೆ ಜಗಿದ ಸೊಪ್ಪು ಮರದ ತಟ್ಟಿ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ನಿಜವಾಗಿಯೂ ಬೇಸಾಯ ಮಾಡುತ್ತವೆ. ಮಳೆ ಬಂದಾಗ ಅದು ಉದ್ದದ ಬೇರಿನಂತಹ ದಂಟಿನ ಮೂಲಕ ನೆಲದ ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಕೀಳುವಾಗ ಆ ಬೇರು ಗೂಡಿನ ತನಕ ಇಳಿದಿರುವುದು ಕಾಣುತ್ತದೆ. ಇನ್ನೊಂದು ಕಲ್ಲಣಬೆ, ಮಳೆಗಾಲದ ಆರಂಭದಲ್ಲಿ ಗುಡ್ಡೆಯ ಮಣ್ಣಿನಲ್ಲಿ ಗೋಲಿಯಂತೆ ಸಿಗುವುದು. ಹೆಚ್ಚಿನ ಮನೆಗಳಲ್ಲಿ ತಿಳಿದದ್ದು ಇಂತಹ ಎರಡು ಮೂರು ಬಗೆ ಮಾತ್ರ. ಅದೂ ಯಾವ ಗುಡ್ಡೆಯ ಯಾವ ಹುತ್ತ, ಯಾವ ತಿಂಗಳು ಎಂದು ನಿಗದಿಯಾಗಿತ್ತು. ಮನೆಯಲ್ಲಿ ಒಬ್ಬರು ಇಬ್ಬರು ಬಲ್ಲವರು. ಅವರು ಕೊಯ್ದರೆ ಮಾತ್ರ ಒಲೆಗೆ ಹೋಗುತ್ತಿತ್ತು. ಮಕ್ಕಳು ತಂದದ್ದನ್ನು ಅಜ್ಜಿ ಹೊರಗೆ ಎಸೆಯುತ್ತಿದ್ದರು. ಅಂದರೆ ಅಜ್ಜಿಯ ತಿಳಿವಳಿಕೆ ಅಣಬೆಯದ್ದು ಎಷ್ಟೋ ಜಾಗದ್ದೂ ಅಷ್ಟೇ. ನಮ್ಮ ಹೊಸ ಲಾನು ಅಜ್ಜಿ ಕಾಣದ ಜಾಗ. ಅಲ್ಲಿ ಏಳುವ ಕೊಡೆಗೆ ಅಜ್ಜಿಯ ಹೆಸರಿನಲ್ಲಿ ಸಾಕ್ಷಿ ಹೇಳುವುದು ನ್ಯಾಯವಲ್ಲ.

ಹುಲ್ಲುಹಾಸಿನಲ್ಲಿ ಸಾಮಾನ್ಯವಾಗಿ ಏಳುವ ಒಂದು ದೊಡ್ಡ ಬಿಳಿ ಕೊಡೆಯಿದೆ. ತಲೆಯ ಮೇಲೆ ಕಂದು ಬಣ್ಣದ ಹಕ್ಕಳೆಗಳು, ದಂಟಿಗೆ ಉಂಗುರ, ನೋಡಲು ಬಹಳ ಚೆಂದ. ವಿಜ್ಞಾನದಲ್ಲಿ ಇದನ್ನು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎನ್ನುತ್ತಾರೆ. ಎಳೆಯದರಲ್ಲಿ ಕೊಡೆಯ ಅಡಿಯ ಪದರಗಳು ಬಿಳಿಯಾಗಿರುತ್ತವೆ; ಬಲಿತಾಗ ಮಾಸಲು ಹಸಿರಾಗುತ್ತವೆ. ತಿನ್ನುವ ಅಣಬೆಯೆಂದೇ ಬಹಳ ಮಂದಿ ಮೋಸ ಹೋಗುತ್ತಾರೆ. ತಿಂದ ಒಂದರಿಂದ ಮೂರು ಗಂಟೆಗಳೊಳಗೆ ಜೋರಾದ ವಾಂತಿ, ಹೊಟ್ಟೆನೋವು, ಭೇದಿ ಸುರುವಾಗುತ್ತದೆ. ಗಟ್ಟಿ ಆಳು ತಡೆದುಕೊಂಡಾನು. ಮಕ್ಕಳು ಮತ್ತು ಮುದುಕರು ನೀರಿನಂಶ ಕಳೆದುಕೊಂಡು ಕುಸಿದುಬಿಡುತ್ತಾರೆ.

ಇದಕ್ಕಿಂತ ಭಯಂಕರವಾದದ್ದು ಅಮನಿಟಾ ವರ್ಗದ ಕೆಲವು ಅಣಬೆಗಳು. ಅವುಗಳ ವಿಷ ಲಿವರನ್ನು ಹಾಳು ಮಾಡುತ್ತದೆ. ಬೇಯಿಸಿದರೂ, ಒಣಗಿಸಿದರೂ, ಹುರಿದರೂ ಆ ವಿಷ ಹೋಗುವುದಿಲ್ಲ. 2022ರ ಏಪ್ರಿಲಿನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ತೀರಿಕೊಂಡರು. ಹೆಚ್ಚಿನವರು ಚಹಾ ತೋಟಗಳ ಬಡ ಕುಟುಂಬದವರು; ಅವರಲ್ಲಿ ಒಂದು ಎಳೆಯ ಮಗುವೂ ಇತ್ತು. ಅವರೂ ತಲೆಮಾರಿನಿಂದ ಅಣಬೆ ತಿಂದವರೇ.

ಬೆಳ್ಳಿ ಚಮಚದ ಸುಳ್ಳು

ವಿಷದ ಅಣಬೆಯನ್ನು ಗುರುತಿಸಲು ನಮ್ಮಲ್ಲಿ ಹಲವು ಪರೀಕ್ಷೆಗಳಿವೆ. ಬೇಯುವಾಗ ಬೆಳ್ಳಿಯ ನಾಣ್ಯವೋ ಚಮಚವೋ ಹಾಕಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿ ಹಾಕಿದರೆ ಬಣ್ಣ ಬದಲಾಗುತ್ತದೆ, ಅಕ್ಕಿ ಕೆಂಪಾಗುತ್ತದೆ, ಹುಳ ತಿಂದ ಗುರುತಿದ್ದರೆ ಒಳ್ಳೆಯದು, ಸಿಪ್ಪೆ ಸುಲಿದರೆ ವಿಷ ಹೋಗುತ್ತದೆ, ಅರಸಿನ ಹಾಕಿದರೆ ವಿಷ ಇಳಿಯುತ್ತದೆ. ಒಂದೊಂದನ್ನೂ ನಂಬಿ ಸತ್ತವರಿದ್ದಾರೆ ಎಂದರೆ ಅತಿಶಯವಲ್ಲ. ಅಮನಿಟಾದ ವಿಷ ಬೆಳ್ಳಿಯನ್ನು ಕಪ್ಪಾಗಿಸುವುದಿಲ್ಲ, ಬೆಳ್ಳುಳ್ಳಿಗೆ ಏನೂ ಮಾಡುವುದಿಲ್ಲ. ಬಸವನಹುಳ ತಿಂದು ಬದುಕುವ ಅಣಬೆ ಮನುಷ್ಯನನ್ನು ಕೊಲ್ಲಬಹುದು. ರುಚಿಯೂ ಎಚ್ಚರಿಸುವುದಿಲ್ಲ, ತಿಂದು ಬದುಕಿದವರು ರುಚಿ ಚೆನ್ನಾಗಿತ್ತೆಂದೇ ಹೇಳಿದ್ದುಂಟು.

ಹೊಸ ಕಾಲದ ಬೆಳ್ಳಿ ಚಮಚವೊಂದಿದೆ, ಅದು ಮೊಬೈಲು. ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪುಗಳಿವೆ. ವಾಟ್ಸಾಪಿನಲ್ಲಿ ಚಿತ್ರ ಕಳಿಸಿ, “ತಿನ್ನಬಹುದಾ?” ಎಂದು ಕೇಳುವವರಿದ್ದಾರೆ. ಮೇಲಿನಿಂದ ತೆಗೆದ ಫೋಟೋದಲ್ಲಿ ನೆಲದೊಳಗಿನ ಬುಡ ಕಾಣುವುದಿಲ್ಲ. ಅಮನಿಟಾದ ಬುಡದಲ್ಲಿ ಮೊಟ್ಟೆಯ ಚಿಪ್ಪಿನಂತಹ ಚೀಲವಿರುತ್ತದೆ. ಅದೇ ಅದರ ಮುಖ್ಯ ಗುರುತು. ಎಳೆಯ ಅಮನಿಟಾ ದುಂಡಗೆ ಇರುವಾಗ ಕಲ್ಲಣಬೆಯೆಂದು ಭ್ರಮೆಯಾಗಬಹುದು. ಉದ್ದಕ್ಕೆ ಎರಡು ಸೀಳು ಮಾಡಿದರೆ ಒಳಗೆ ಪುಟ್ಟ ಕೊಡೆಯ ಆಕಾರ ಕಾಣುತ್ತದೆ. ಹಾಗೆ ಕಂಡರೆ ಮುಟ್ಟದೆ ಹೂಳಬೇಕು. ಇಂತಹ ಗುರುತುಗಳು ಬಿಡಲು ಕಾರಣವಾಗಬೇಕೇ ಹೊರತು ತಿನ್ನಲು ಧೈರ್ಯವಾಗಬಾರದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಇಂಕಿನಂತೆ ಕಪ್ಪಾಗಿ ಕರಗುವ ಅಣಬೆಗಳಲ್ಲಿ ಒಂದು ಬಗೆಯಿದೆ. ಅದನ್ನು ತಿಂದು ಅದರೊಡನೆ, ಅಥವಾ ಒಂದೆರಡು ದಿನಗಳೊಳಗೆ, ಶರಾಬು ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗುತ್ತದೆ. ಅಣಬೆ ಪಲ್ಯವನ್ನು ಗ್ಲಾಸಿನ ಜೊತೆಗೆ ನಂಜಿಕೊಳ್ಳುವವರು ಕೇಳಿಸಿಕೊಳ್ಳಬೇಕಾದ ಮಾತಿದು.

ತಿಂದಾಗಿದ್ದರೆ

ಗಡಿಯಾರ ನೋಡುವುದು ಇಲ್ಲಿ ಬಹಳ ಮುಖ್ಯ. ತಿಂದ ಒಂದೆರಡು ಗಂಟೆಯೊಳಗೆ ವಾಂತಿ ಸುರುವಾದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಷ್ಟು ಅಪಾಯವಿಲ್ಲ. ಆದರೂ ಆಸ್ಪತ್ರೆಗೆ ಹೋಗಬೇಕು, ಯಾಕೆಂದರೆ ಒಂದೇ ಪಲ್ಯದಲ್ಲಿ ಎರಡು ಬಗೆ ಸೇರಿರಬಹುದು. ಆರು ಗಂಟೆ ಕಳೆದ ಮೇಲೆ, ರಾತ್ರಿ ಉಂಡದ್ದಕ್ಕೆ ಬೆಳಗಿನ ಜಾವ ವಾಂತಿ ಭೇದಿ ಸುರುವಾದರೆ ಅದು ಅಪಾಯದ ಗಂಟೆ. ಮಾರನೆಯ ದಿನ ವಾಂತಿ ನಿಂತು ರೋಗಿ ಎದ್ದು ಕೂತು ಗಂಜಿ ಕುಡಿಯುತ್ತಾನೆ. ಮನೆಯವರು ದೇವರಿಗೆ ಸ್ತೋತ್ರ ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಒಳಗೆ ಲಿವರು ಸಾಯುತ್ತಿರುತ್ತದೆ. ಎರಡು ಮೂರು ದಿನಗಳಲ್ಲಿ ಕಣ್ಣು ಹಳದಿಯಾಗಿ, ಎಚ್ಚರ ತಪ್ಪುತ್ತದೆ. ಈ ಸುಳ್ಳು ಗುಣವೇ ಬಹಳ ಜೀವ ತೆಗೆದಿದೆ.

ಆದ್ದರಿಂದ ಅನುಮಾನ ಬಂದೊಡನೆ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ, ನಾಟಿಮದ್ದು ಎಂದು ಹೊತ್ತು ಕಳೆಯಬೇಡಿ. ಎಚ್ಚರವಿದ್ದರೆ ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕೊಡುತ್ತಿರಿ. ಉಳಿದ ಅಣಬೆಯನ್ನು, ಬೇಯಿಸಿದ್ದನ್ನೂ ಸಹ, ಕಾಗದದಲ್ಲಿ ಕಟ್ಟಿ ಜೊತೆಗೆ ಕೊಂಡೊಯ್ಯಿರಿ. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಗಂಟೆಗೆ ಸುರುವಾದದ್ದು ಎಂದು ಬರೆದಿಡಿ. ಅದೇ ಪಲ್ಯ ತಿಂದವರೆಲ್ಲರೂ, ಹುಷಾರಾಗಿದ್ದರೂ, ಹೋಗಬೇಕು. ವೈದ್ಯರ ಬಳಿ ಲಿವರನ್ನು ಕಾಪಾಡುವ ಔಷಧಿಗಳಿವೆ. ಬೇಗ ಹೋದಷ್ಟು ಫಲ ಹೆಚ್ಚು. ನಮಗೆ ದೊಡ್ಡ ಆಸ್ಪತ್ರೆಯೆಂದರೆ ಒಂದು ಕಡೆ ಮಂಗಳೂರು, ಇನ್ನೊಂದು ಕಡೆ ಪರಿಯಾರ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದೂರ ಎಷ್ಟೆಂದು ನಮಗೆ ಅರಿವಾಯಿತು. ಇಷ್ಟು ದೂರದಲ್ಲಿ ಬದುಕುವವರು ನಾಲಗೆಯ ಚಪಲಕ್ಕೆ ಇಷ್ಟು ದೊಡ್ಡ ಸಾಹಸ ಮಾಡಬಾರದು.

ಅಣಬೆ ತಿನ್ನಲೇಬೇಕೆಂಬ ಆಸೆಯಿದ್ದರೆ ಬೆಳೆಸಿ ತಿನ್ನಿ. ಬೈಹುಲ್ಲನ್ನು ಬಿಸಿನೀರಿನಲ್ಲಿ ಹದ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೀಜದೊಡನೆ ತುಂಬಿಸಿ ಕತ್ತಲೆ ಕೋಣೆಯಲ್ಲಿ ತೂಗಿಸಿದರೆ ಚಿಪ್ಪಿನ ಅಣಬೆ ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ತೆಂಗಿನ ಮಡಲಿನ ದಂಟು, ಗೊನೆಯ ಕಸದ ಮೇಲೂ ಇದನ್ನು ಬೆಳೆಸಬಹುದೆಂದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟಿದೆ. ಅಲ್ಲೇ ಇರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮನೆಯ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ಬರುವ ಕೆಲಸವೂ ಹೌದು. ಕೋಣೆಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಣಬೆಯ ಹುಡಿ ದಿನಾ ಉಸಿರಿಗೆ ಹೋದರೆ ಕೆಮ್ಮು ದಮ್ಮು ಬರುತ್ತದೆ. ಹುತ್ತದ ಅಣಬೆ ಮುಂದಿನ ವರ್ಷವೂ ಬೇಕೆನ್ನುವವರು ಮನೆಯಿಂದ ದೂರವಿರುವ ಗುಡ್ಡೆಯ ಹುತ್ತಗಳಿಗೆ ಗೆದ್ದಲಿನ ಮದ್ದು ಸುರಿಯಬೇಡಿ. ಗೆದ್ದಲು ಹೋದರೆ ಅಣಬೆಯೂ ಹೋಯಿತು.

ಹೆದರಬೇಕಾದ ಅಣಬೆ ತೋಟದಲ್ಲಿದೆ

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಲಾನಿನ ಬಡಪಾಯಿ ಕೊಡೆಯನ್ನು ಕಂಡು ಗಾಬರಿಯಾಗುವ ನಾವು ತೋಟದಲ್ಲಿ ಅಡಿಕೆ ಮರದ ಬುಡದಲ್ಲಿ ಕೂತಿರುವ ಅಣಬೆಯನ್ನು ಕಂಡೂ ಕಾಣದವರಂತೆ ದಾಟಿ ಹೋಗುತ್ತೇವೆ. ದಂಟಿನ ಮೇಲೆ ನಿಂತ ಕೊಡೆಯಲ್ಲ ಇದು. ಕಂದುಗೆಂಪು ಬಣ್ಣದ, ಮೇಲೆ ವಾರ್ನಿಷು ಬಳಿದಂತೆ ಹೊಳೆಯುವ, ಮರದಷ್ಟೇ ಗಟ್ಟಿಯಾದ ಹಲಗೆ. ಹೆಸರು ಗ್ಯಾನೋಡರ್ಮ. ನಮ್ಮ ಹಿರಿಯರು ಈ ಕಾಯಿಲೆಗೆ ಅಣಬೆ ರೋಗ ಎಂದೇ ಹೆಸರಿಟ್ಟಿದ್ದಾರೆ. ತೆಂಗಿಗೂ ಇದು ಬರುತ್ತದೆ.

ಹಲಗೆ ಕಾಣಿಸಿಕೊಳ್ಳುವುದು ರೋಗದ ಕೊನೆಯಲ್ಲಿ. ಅದಕ್ಕೆ ಮೊದಲೇ ಹೊರಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ. ಬುಡದ ಕಾಂಡದಲ್ಲಿ ಕಂದು ಕಲೆಗಳೆದ್ದು ಕಂದು ರಸ ಒಸರುತ್ತದೆ. ನೀರು ಕಡಿಮೆಯಾಯಿತು, ಗೊಬ್ಬರ ಸಾಲದು ಎಂದು ನಾವು ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಬೇರಿನಿಂದ ಬೇರಿಗೆ, ಮಣ್ಣಿನಿಂದ ಮಣ್ಣಿಗೆ ಅದು ಪಕ್ಕದ ಮರಕ್ಕೆ ದಾಟುತ್ತದೆ.

ಸತ್ತ ಮರವನ್ನು ಬುಡಸಮೇತ ಅಗೆದು ಸುಟ್ಟುಬಿಡಬೇಕು. ಬುಡವನ್ನು ತೋಟದಲ್ಲೇ ಬಿಟ್ಟರೆ ರೋಗಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ರೋಗ ತಗಲಿದ ಮರದ ಸುತ್ತ ಸುಮಾರು 60 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಗಲದ ಕಣಿ ತೆಗೆದು ಒಳ್ಳೆಯ ಮರಗಳಿಂದ ಬೇರ್ಪಡಿಸಬೇಕು. ಮರದಿಂದ ಮರಕ್ಕೆ ನೀರು ಹರಿದು ಹೋಗುವಂತೆ ತೋಯಿಸಬಾರದು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 2 ಕಿಲೋ ಬೇವಿನ ಹಿಂಡಿ, ಅದರೊಡನೆ ಟ್ರೈಕೋಡರ್ಮ ಎಂಬ ಒಳ್ಳೆಯ ಶಿಲೀಂಧ್ರವನ್ನು ಬೆರೆಸಿ ಹಾಕಬಹುದು. ನೋಡಿ, ಒಂದು ಶಿಲೀಂಧ್ರದ ಮದ್ದು ಇನ್ನೊಂದು ಶಿಲೀಂಧ್ರವೇ! ಮುಂದಿನ ವಿವರಕ್ಕೆ ನಿಮ್ಮ ಪಂಚಾಯತಿನ ಕೃಷಿ ಭವನಕ್ಕೆ ಹೋಗಿ. ಲಾನಿಗೆ ಮದ್ದು ತರುವ ಹಣದಲ್ಲಿ ಬೇವಿನ ಹಿಂಡಿ ತಂದರೆ ತೋಟ ಉಳಿದೀತು.

ಆದ್ದರಿಂದ ಈ ಮಳೆಗಾಲದಲ್ಲಿ ನನ್ನ ವಿನಂತಿ ಇಷ್ಟೆ. ಅಂಗಳದ ಕೊಡೆಯನ್ನು ಕಿತ್ತು ಹೂಳಿ. ಅದಕ್ಕೆ ವಿಷ ಹಾಕಬೇಡಿ, ಅದನ್ನು ಬೇಯಿಸಬೇಡಿ. “ನೋಡು, ಆದರೆ ಬಾಯಿಗೆ ಹಾಕಬೇಡ” ಎಂದು ಮಕ್ಕಳಿಗೆ ಇವತ್ತೇ ಹೇಳಿಕೊಡಿ. ಮನೆಗೆಲಸಕ್ಕೆ, ತೋಟದ ಕೆಲಸಕ್ಕೆ ದೂರದ ಊರುಗಳಿಂದ ಬಂದವರಿಗೂ ಹೇಳಿ. ಅವರ ಊರಿನ ತಿನ್ನುವ ಅಣಬೆಯ ಹಾಗೆಯೇ ಕಾಣುವ ವಿಷದ ಅಣಬೆ ನಮ್ಮಲ್ಲಿ ಇರಬಹುದು. ಹುತ್ತದ ಅಣಬೆ ಬಲ್ಲ ಹಿರಿಯರು ನಿಮ್ಮ ವಾಳೆಯಲ್ಲಿ ಇನ್ನೂ ಇದ್ದರೆ ಅವರ ಜೊತೆ ಒಂದು ದಿನ ಗುಡ್ಡೆಗೆ ಹೋಗಿ ಕಣ್ಣಾರೆ ನೋಡಿಕೊಳ್ಳಿ. ಹಾಗೆಯೇ ಮುಂದಿನ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ತೋಟಕ್ಕೆ ಒಂದು ಸುತ್ತು ಹಾಕಿ, ಪ್ರತಿ ಮರದ ಬುಡವನ್ನು ಬಗ್ಗಿ ನೋಡಿ.